ಫಾರ್ಮ್ಯಾಟ್ ಅನ್ನೋ ಮೊದಲು ಎಫ್ 12 ಒತ್ತಿ ನೋಡಿ

ಹೆಬ್ಬೂರು ಹೋಬಳಿಯಿಂದ ತುಮಕೂರಿಗೆ, ಬೆಂಗಳೂರಿಗೆ ಓದಲು ಹೋಗುವ ಮಕ್ಕಳೇ, ಈ ಮಾತು ನಿಮಗೆ. ಸೆಮಿಸ್ಟರ್ ಮುಗಿಸಿ ರಜೆಗೆ ಊರಿಗೆ ಬಂದವರಲ್ಲಿ ಯಾರಾದರೂ ಒಬ್ಬರು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬರುವುದು ಪ್ರತಿ ವರ್ಷ ಇದ್ದದ್ದೇ. ತೆರೆ ಪೂರ್ತಿ ಕಪ್ಪು. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ‘ಎರರ್: ನೋ ಸಚ್ ಪಾರ್ಟಿಷನ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಏನು ಮಾಡಿದೆ ಅಂತ ಕೇಳಿದರೆ ಬರುವ ಉತ್ತರವೂ ಒಂದೇ: ಲ್ಯಾಬ್‌ಗೆ ಬೇಕು ಅಂತ ಉಬುಂಟು ಹಾಕಿಸಿದ್ದೆ ಸಾರ್, ಜಾಗ ಸಾಲ್ತಿರಲಿಲ್ಲ, ಡಿಲೀಟ್ ಮಾಡ್ಬಿಟ್ಟೆ.

ಮೊದಲು ಇದನ್ನು ನಂಬಿ: ವಿಂಡೋಸ್‌ನಲ್ಲಿದ್ದ ನಿಮ್ಮ ಕಡತ ಯಾವುದೂ ಹೋಗಿಲ್ಲ. ಪ್ರಾಜೆಕ್ಟ್ ರಿಪೋರ್ಟು, ಅಕ್ಕನ ಮದುವೆ ಫೋಟೋ, ಅಪ್ಪನ ಪಹಣಿ ಸ್ಕ್ಯಾನ್ ಎಲ್ಲ ಇದ್ದಲ್ಲೇ ಇದೆ. ವಿಂಡೋಸ್ ಕೂಡ ಕೂದಲು ಕೊಂಕದಂತೆ ಕೂತಿದೆ. ಅದನ್ನು ಎಬ್ಬಿಸುವ ಒಂದು ಸಣ್ಣ ಕೊಂಡಿ ಮಾತ್ರ ಕಳಚಿದೆ. ಈ ಹೊತ್ತಿನಲ್ಲಿ ನಿಮ್ಮ ಬಾಯಿಂದ ಬರಬಾರದ ಮಾತು ಅಂದರೆ ‘ಫಾರ್ಮ್ಯಾಟ್ ಮಾಡಿಬಿಡಿ’ ಎನ್ನುವುದು. ಕೊಬ್ಬರಿ ಮಾರಿದ ದುಡ್ಡಲ್ಲಿ, ಸಂಘದ ಸಾಲದಲ್ಲಿ ಕೊಂಡ ಯಂತ್ರ ಅದು. ಅದರೊಳಗಿರುವುದು ಎರಡು ವರ್ಷದ ನಿಮ್ಮ ದುಡಿಮೆ. ಹತ್ತು ನಿಮಿಷದ ಗಾಬರಿಗೆ ಅದನ್ನು ಒಪ್ಪಿಸಬೇಡಿ.

ಏನಾಯಿತು ಅನ್ನುವುದನ್ನು ತಿಳಿದುಕೊಂಡರೆ ಕೈ ನಡುಗುವುದು ನಿಲ್ಲುತ್ತದೆ. ಉಬುಂಟು ಹಾಕಿದಾಗ ಅದು ಗ್ರಬ್ ಎಂಬ ಪುಟ್ಟ ಪ್ರೋಗ್ರಾಮನ್ನು ಮುಂಬಾಗಿಲಲ್ಲಿ ಕೂರಿಸುತ್ತದೆ. ಯಂತ್ರ ಆನ್ ಆದ ಕೂಡಲೇ ‘ಉಬುಂಟು ಬೇಕಾ, ವಿಂಡೋಸ್ ಬೇಕಾ’ ಎಂದು ಕೇಳುವುದು ಅದೇ. ಆದರೆ ಗ್ರಬ್‌ನ ಪೂರ್ತಿ ಸಾಮಾನು ಒಂದೇ ಕಡೆ ಇರುವುದಿಲ್ಲ. ಹಳೆಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಿಗೆ ಎಂಬಿಆರ್ ಎಂದು ಹೆಸರು. ಅದರಲ್ಲಿ 64 ಬೈಟು ಪಾರ್ಟಿಷನ್‌ಗಳ ಪಟ್ಟಿಗೆ, ಕೊನೆಯ 2 ಬೈಟು ಗುರುತಿಗೆ ಹೋದರೆ, ಯಂತ್ರವನ್ನು ಎಬ್ಬಿಸುವ ಕೋಡ್‌ಗೆ ಸಿಗುವುದು 446 ಬೈಟ್ ಮಾತ್ರ. ಈ ಪ್ಯಾರಾದ ಅಕ್ಷರಗಳೇ ಅದರಲ್ಲಿ ಹಿಡಿಸಲಾರವು! ಹಾಗಾಗಿ ಗ್ರಬ್ ತನ್ನ ತಲೆಯನ್ನು ಅಲ್ಲಿ, ಕುತ್ತಿಗೆಯನ್ನು ಅದರ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು, ಉಳಿದದ್ದನ್ನೆಲ್ಲ ಉಬುಂಟುವಿನ ಪಾರ್ಟಿಷನ್ ಒಳಗೆ ಇಟ್ಟುಕೊಳ್ಳುತ್ತದೆ. ನೀವು ಆ ಪಾರ್ಟಿಷನ್ ಅಳಿಸಿದಿರಿ. ತಲೆ ಉಳಿಯಿತು, ಮೈ ಹೋಯಿತು. ಕೆಡವಿದ ಮನೆಯ ವಿಳಾಸ ಹಿಡಿದು ಬೀದಿಯಲ್ಲಿ ನಿಂತ ಅಂಚೆಯವನ ಸ್ಥಿತಿ ಗ್ರಬ್‌ನದು.

2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂತು. ಅದರ ಜೊತೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಯುಇಎಫ್‌ಐ ಎಂಬ ಹೊಸ ಏರ್ಪಾಡು ಸಾಮಾನ್ಯವಾಯಿತು. ನಿಮ್ಮ ಕೈಯಲ್ಲಿರುವ ಯಂತ್ರ ಬಹುತೇಕ ಇದೇ ಜಾತಿಯದು. ಇದು ಹಳೆಯದಕ್ಕಿಂತ ಎಷ್ಟೋ ವಾಸಿ. ಇಲ್ಲಿ ಇಎಫ್‌ಐ ಪಾರ್ಟಿಷನ್ ಎಂದು ನೂರರಿಂದ ಕೆಲವು ನೂರು ಎಂಬಿಯ ಒಂದು ಚಿಕ್ಕ ಭಾಗ ಪ್ರತ್ಯೇಕವಾಗಿಯೇ ಇರುತ್ತದೆ. ಅದರಲ್ಲಿ ವಿಂಡೋಸ್‌ಗೆ ಒಂದು ಫೋಲ್ಡರ್, ಉಬುಂಟುಗೆ ಒಂದು ಫೋಲ್ಡರ್. ಯಾವುದನ್ನು ಮೊದಲು ಕರೆಯಬೇಕು ಎಂಬ ಸರದಿ ಮಾತ್ರ ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ನೀವು ಉಬುಂಟು ಅಳಿಸಿದರೂ ಸರದಿಯಲ್ಲಿ ಅದರ ಹೆಸರೇ ಮೊದಲಿದೆ. ಅಷ್ಟೇ ತೊಂದರೆ.

ಆದ್ದರಿಂದ ಪರಿಹಾರವೂ ಅಷ್ಟೇ ಹಗುರ. ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನು ಪೂರ್ತಿ ಆರಿಸಿ. ಮತ್ತೆ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಟಕಟಕ ಒತ್ತುತ್ತಿರಿ. ಡೆಲ್ ಆದರೆ ಎಫ್ 12. ಲೆನೊವೊದಲ್ಲೂ ಹೆಚ್ಚಾಗಿ ಎಫ್ 12. ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ನಂತರ ಎಫ್ 9, ಆಸೂಸ್ ಆದರೆ ಎಸ್ಕೇಪ್. ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಕಂಡರೆ ಅದನ್ನು ಆರಿಸಿ ಎಂಟರ್ ಒತ್ತಿ. ನನ್ನ ಬಳಿ ಬಂದ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿಗೇ ನಗುತ್ತಾ ಎದ್ದು ಹೋಗಿದ್ದಾರೆ. ಇದೇ ಕೆಲಸಕ್ಕೆ ದುಡ್ಡು ಕೊಟ್ಟು, ಜೊತೆಗೆ ಡಿಸ್ಕನ್ನೂ ಖಾಲಿ ಮಾಡಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಅದನ್ನು ಕಂಡಾಗ ಆಗುವ ಸಂಕಟಕ್ಕೇ ಇದನ್ನು ಬರೆಯಲು ಕೂತದ್ದು.

ತೆರೆಯ ಮೇಲೆ ‘ರೆಸ್ಕ್ಯೂ’ ಎಂಬ ಪದವಿಲ್ಲದೆ ಬರೀ ‘ಗ್ರಬ್’ ಎಂದಿದ್ದರೆ ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅನೇಕ ಯಂತ್ರಗಳಲ್ಲಿ ಸರದಿಯ ಮುಂದಿನವನಾದ ವಿಂಡೋಸ್ ತಾನಾಗಿ ಎದ್ದುಬಿಡುತ್ತದೆ. ಹೇಗೋ ಒಳಗೆ ಹೋದ ಮೇಲೆ, ಯಂತ್ರದ ಬಯೋಸ್ ಸೆಟಪ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದು ಸೇವ್ ಮಾಡಿ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಮತ್ತೆ ಅದೇ ಕಪ್ಪು ತೆರೆ.

ಬೂಟ್ ಮೆನುವಿನ ಪಟ್ಟಿಯಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೆ? ಸ್ನೇಹಿತರ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು 8 ಜಿಬಿಯ ಪೆನ್‌ಡ್ರೈವ್ ಒಂದನ್ನು ತಯಾರಿಸಿ. ಅದರಿಂದ ಯಂತ್ರ ಎಬ್ಬಿಸಿದಾಗ ‘ಇನ್‌ಸ್ಟಾಲ್’ ಎಂದು ದೊಡ್ಡದಾಗಿ ಕಾಣುವುದನ್ನು ಮುಟ್ಟಬೇಡಿ. ಅಲ್ಲೇ ಎಲ್ಲೋ ಸಣ್ಣ ಅಕ್ಷರದಲ್ಲಿ ‘ರಿಪೇರ್’ ಎಂದಿರುತ್ತದೆ, ನಮಗೆ ಬೇಕಾದ್ದು ಅದು. ಒಳಗೆ ಟ್ರಬಲ್‌ಶೂಟ್, ಅದರೊಳಗೆ ಸ್ಟಾರ್ಟಪ್ ರಿಪೇರ್. ಮೊದಲು ಅದಕ್ಕೇ ಅವಕಾಶ ಕೊಡಿ.

ಅದು ಕೈಚೆಲ್ಲಿದರೆ ಕಮಾಂಡ್ ಪ್ರಾಂಪ್ಟ್. ಆಜ್ಞೆಗಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಒತ್ತುವಾಗ ಇಂಗ್ಲಿಷ್ ಅಕ್ಷರ ಒತ್ತಿ. ‘ಡಿಸ್ಕ್‌ಪಾರ್ಟ್’ ತೆರೆದು ‘ಲಿಸ್ಟ್ ವಾಲ್ಯೂಮ್’ ಎಂದರೆ ಎಲ್ಲ ಭಾಗಗಳೂ ಸಾಲಾಗಿ ಕಾಣುತ್ತವೆ. ಫ್ಯಾಟ್ 32 ಎಂದು ಬರೆದಿರುವ, ಗಾತ್ರದಲ್ಲಿ ಚಿಕ್ಕದಾದದ್ದು ಇಎಫ್‌ಐ ಭಾಗ. ನಿಮ್ಮ ಪೆನ್‌ಡ್ರೈವ್ ಕೂಡ ಫ್ಯಾಟ್ 32 ಎಂದೇ ತೋರಿಸಬಹುದು, ಗಾತ್ರ ನೋಡಿ ಬೇರೆ ಮಾಡಿಕೊಳ್ಳಿ. ಇಎಫ್‌ಐ ಭಾಗವನ್ನು ಸೆಲೆಕ್ಟ್ ಮಾಡಿ, ಎಸ್ ಎಂಬ ಅಕ್ಷರ ಕೊಟ್ಟು (‘ಅಸೈನ್ ಲೆಟರ್=ಎಸ್’) ಹೊರಗೆ ಬನ್ನಿ. ಆಮೇಲೆ ‘ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ’. ಕಳಚಿದ ಕೊಂಡಿಯನ್ನು ಹೊಸದಾಗಿ ಬೆಸೆಯುವ ಆಜ್ಞೆ ಇದು. ರಿಪೇರಿ ಪರಿಸರದಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ. ನೀವು ದಿನಾ ನೋಡುವ ಸಿ ಡ್ರೈವ್ ಅಲ್ಲಿ ಡಿ ಆಗಿರಬಹುದು. ‘ಡಿಐಆರ್’ ಎಂದು ಒಳಗೆ ಇಣುಕಿ, ವಿಂಡೋಸ್ ಫೋಲ್ಡರ್ ಯಾವ ಅಕ್ಷರದಲ್ಲಿದೆ ಎಂದು ಖಚಿತಪಡಿಸಿಕೊಂಡೇ ಮುಂದೆ ಹೋಗಿ.

ಡಿಸ್ಕ್‌ಪಾರ್ಟ್‌ನಲ್ಲಿ ಕೂತಾಗ ‘ಕ್ಲೀನ್’ ಎಂಬ ಪದ ಮಾತ್ರ ಒತ್ತಬೇಡಿ. ಹೆಸರು ಕೇಳಲು ಚೆಂದ. ಅದು ಅಳಿಸುವುದು ಇಡೀ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು, ‘ಖಂಡಿತವೇ’ ಎಂದು ಒಂದು ಮಾತೂ ಕೇಳದೆ.

ತಮ್ಮ ತಂಗಿಯರ ಪಾಲಿಗೆ ಬಂದಿರುವ ಹಳೇ ಕಂಪ್ಯೂಟರ್, ವಿಂಡೋಸ್ 7ರ ಕಾಲದ್ದು, ಎಂಬಿಆರ್ ಜಾತಿಯದಾದರೆ ದಾರಿ ಇನ್ನೂ ಗಿಡ್ಡ. ಅದೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’. ಅದು ಪಾರ್ಟಿಷನ್ ಪಟ್ಟಿಯನ್ನು ಮುಟ್ಟದೆ ಗ್ರಬ್ ಕೂತಿದ್ದ ಕಡೆ ವಿಂಡೋಸ್‌ನ ಕೋಡ್ ಬರೆಯುತ್ತದೆ. ಹೊಸ ಯುಇಎಫ್‌ಐ ಯಂತ್ರದಲ್ಲಿ ಇದರಿಂದ ಏನೂ ಉಪಯೋಗವಿಲ್ಲ. ಯಾರೋ ಹೇಳಿದರು ಅಂತ ಎಲ್ಲ ಆಜ್ಞೆಗಳನ್ನೂ ಒಂದರ ಮೇಲೊಂದು ಒತ್ತುತ್ತಾ ಕೂರಬೇಡಿ.

ಈಗ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ ವಿಷಯ. ಇದನ್ನು ಸ್ವಲ್ಪ ನಿಂತು ಕೇಳಿಸಿಕೊಳ್ಳಿ, ಏಕೆಂದರೆ ನಿಜವಾದ ನಷ್ಟ ಆಗುವುದು ಇಲ್ಲಿ. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದರೆ, ಡಿಸ್ಕ್ ತಾನಾಗಿ ಬೀಗ ಹಾಕಿಕೊಂಡಿರುತ್ತದೆ. ದಿನನಿತ್ಯ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ. ಬೂಟ್ ಏರ್ಪಾಡನ್ನೋ ಸೆಕ್ಯೂರ್ ಬೂಟ್ ಅನ್ನೋ ಬದಲಿಸಿದ ದಿನ ನೀಲಿ ತೆರೆ ಬಂದು 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲಿನಲ್ಲೇ ಲಾಗಿನ್ ಆಗಿ ನೋಡಬಹುದು. ಆದರೆ ಖಾತೆ ಯಾರದು? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿರುತ್ತಾನೆ. ಅಪ್ಪನಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ. ಕೀಲಿ ಇಲ್ಲದಿದ್ದರೆ ಆ ಕಡತಗಳನ್ನು ತೆರೆಯುವುದು ಮೈಕ್ರೋಸಾಫ್ಟ್‌ಗೂ ಸಾಧ್ಯವಿಲ್ಲ. ಇವತ್ತೇ, ಯಂತ್ರ ಚೆನ್ನಾಗಿರುವಾಗಲೇ, ಯಾವ ಖಾತೆಯಲ್ಲಿ ನಡೆಯುತ್ತಿದೆ ನೋಡಿ. ಕೀಲಿಯನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ಆ ನೋಟ್‌ಬುಕ್ಕನ್ನು ಪಹಣಿ, ಮಾರ್ಕ್ಸ್‌ಕಾರ್ಡ್ ಇಡುವ ಪೆಟ್ಟಿಗೆಯಲ್ಲಿ ಇಡಿ.

ಇನ್ನೂ ಅಳಿಸಿಲ್ಲದವರು ಸರಿಯಾದ ಕ್ರಮ ಕೇಳಿ. ಮುಖ್ಯ ಕಡತಗಳ ನಕಲು ಪೆನ್‌ಡ್ರೈವ್‌ಗೆ, ಬಿಟ್‌ಲಾಕರ್ ಕೀಲಿ ಕಾಗದಕ್ಕೆ. ನಂತರ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಅನ್ನು ಮೇಲಿಟ್ಟು, ಒಮ್ಮೆ ಆರಿಸಿ ಆನ್ ಮಾಡಿ, ಗ್ರಬ್ ಮೆನು ಬಾರದೆ ನೇರವಾಗಿ ವಿಂಡೋಸ್ ಏಳುತ್ತದೆಯೇ ನೋಡಿ. ಎದ್ದರೆ ಮಾತ್ರ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟು ಭಾಗ ಅಳಿಸಿ. ಬಾಗಿಲ ಸರದಿ ಮೊದಲು, ಅಳಿಸುವುದು ಆಮೇಲೆ. ಈ ಕ್ರಮ ಹಿಡಿದರೆ ಮೇಲೆ ಹೇಳಿದ ಯಾವುದೂ ಬೇಕಾಗುವುದಿಲ್ಲ. ಯಾವುದು ಉಬುಂಟು ಭಾಗ ಅಂತ ಗುರುತಿಸಲು ಅದಕ್ಕೆ ಡ್ರೈವ್ ಅಕ್ಷರ ಇರುವುದಿಲ್ಲ ಎನ್ನುವುದೊಂದೇ ಸಾಲದು. ಇಎಫ್‌ಐ ಭಾಗಕ್ಕೂ ರಿಕವರಿ ಭಾಗಕ್ಕೂ ಅಕ್ಷರ ಇರುವುದಿಲ್ಲ. ಉಬುಂಟು ಹಾಕುವಾಗ ಎಷ್ಟು ಜಿಬಿ ಕೊಟ್ಟಿದ್ದಿರೋ ಆ ಗಾತ್ರದ್ದನ್ನು ಹುಡುಕಿ. ಸಿ ಡ್ರೈವ್ ಹಿಗ್ಗಿಸಲು ಹೋದಾಗ ‘ಎಕ್ಸ್‌ಟೆಂಡ್’ ಮಂಕಾಗಿದ್ದರೆ ಹೆಚ್ಚಾಗಿ ನಡುವೆ ರಿಕವರಿ ಭಾಗ ಅಡ್ಡ ಇದೆ ಎಂದು ಅರ್ಥ. ಅದನ್ನು ಕಿತ್ತು ಹಾಕುವ ಸಾಹಸ ಬೇಡ. ಖಾಲಿ ಜಾಗವನ್ನೇ ಇ ಡ್ರೈವ್ ಮಾಡಿಕೊಂಡು ಬಳಸಿ.

ಉಬುಂಟು ಬಗ್ಗೆ ನನಗೆ ಕೋಪವೇನಿಲ್ಲ, ನಿಮಗೂ ಬೇಡ. ಗಡಿಯಾಚೆ ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಗ್ನೂ ಲಿನಕ್ಸ್‌ನಲ್ಲಿ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಶಾಲೆಗಳಿಗೆ ಬೇಕಾದ ಲಿನಕ್ಸ್ ಅನ್ನು ಆ ಸಂಸ್ಥೆಯೇ ಸಿದ್ಧಪಡಿಸಿ ಕೊಡುತ್ತದೆ. ನಮ್ಮ ಮಕ್ಕಳು ಇಂಜಿನಿಯರಿಂಗ್‌ಗೆ ಬಂದು ಮೊದಲ ಸಲ ನೋಡುವುದನ್ನು ಅವರು ಹೈಸ್ಕೂಲಿನಲ್ಲೇ ಬಳಸಿರುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹತ್ತದ ಹಳೆಯ ಯಂತ್ರ ಮನೆಯಲ್ಲಿದ್ದರೆ ವಿಂಡೋಸ್ ತೆಗೆದು ಉಬುಂಟುವನ್ನೇ ಉಳಿಸಿಕೊಳ್ಳುವುದು ಒಳ್ಳೆಯ ಯೋಚನೆ. ಆಗ ಎರಡು ಎಚ್ಚರ. ಇಎಫ್‌ಐ ಭಾಗ ಇಬ್ಬರಿಗೂ ಸೇರಿದ್ದು, ಅದನ್ನು ವಿಂಡೋಸ್‌ನದೆಂದು ಅಳಿಸಬೇಡಿ. ಇನ್ನೊಂದು, ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ವಿಂಡೋಸ್ ಡ್ರೈವ್ ಬಗ್ಗೆ ಬರೆದ ಸಾಲಿದ್ದರೆ ಅಳಿಸುವ ಮೊದಲೇ ಆ ಸಾಲು ತೆಗೆಯಿರಿ. ಇಲ್ಲದಿದ್ದರೆ ಇಲ್ಲದ ಡ್ರೈವಿಗಾಗಿ ಯಂತ್ರ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ.

ವಿಂಡೋಸ್ ಏನು ಮಾಡಿದರೂ ಏಳದೆ, ಕಡತ ಮಾತ್ರ ಬೇಕು ಅನ್ನುವ ಹೊತ್ತಿನಲ್ಲೂ ಕೈಹಿಡಿಯುವುದು ಉಬುಂಟುವೇ. ಅದರ ಪೆನ್‌ಡ್ರೈವ್‌ನಿಂದ ಎಬ್ಬಿಸಿ ‘ಟ್ರೈ ಉಬುಂಟು’ ಆರಿಸಿದರೆ ಏನನ್ನೂ ಇನ್‌ಸ್ಟಾಲ್ ಮಾಡದೆ ವಿಂಡೋಸ್ ಡ್ರೈವ್ ತೆರೆದು ಫೋಟೋ, ಕಡತಗಳನ್ನು ಬೇರೆ ಡಿಸ್ಕಿಗೆ ಎಳೆದುಕೊಳ್ಳಬಹುದು. ಬಿಟ್‌ಲಾಕರ್ ಇದ್ದರೆ ಇಲ್ಲೂ ಅದೇ 48 ಅಂಕಿ ಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣಕ್ಕೆ ಡ್ರೈವ್ ಓದಲು ಮಾತ್ರ ತೆರೆದರೆ ಚಿಂತೆಯಿಲ್ಲ, ನಕಲು ಮಾಡಲು ಅಷ್ಟು ಸಾಕು. ಇದನ್ನೆಲ್ಲ ಮಾಡುವಾಗ ಬ್ಯಾಟರಿ ಪೂರ್ತಿ ತುಂಬಿರಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಮಳೆ ಗಾಳಿಯ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಪಾರ್ಟಿಷನ್ ಬದಲಾಗುವ ನಡುವೆ ಕರೆಂಟ್ ಹೋದರೆ ಆಗ ನಿಜವಾಗಿಯೂ ಅಳಬೇಕಾಗುತ್ತದೆ.

ನಿಮ್ಮಿಂದ ಊರಿಗೆ ಒಂದು ಕೆಲಸ ಆಗಬೇಕು. ಎರಡು ಪೆನ್‌ಡ್ರೈವ್ ತಂದು, ಒಂದಕ್ಕೆ ವಿಂಡೋಸ್ ರಿಪೇರಿ, ಇನ್ನೊಂದಕ್ಕೆ ಉಬುಂಟು ತುಂಬಿ, ಮೇಲೆ ಕನ್ನಡದಲ್ಲಿ ಹೆಸರು ಬರೆದು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಅರಿವು ಕೇಂದ್ರ ಅಂತ ಈಗ ಹೆಸರು ಬದಲಾಗಿದೆಯಲ್ಲ, ಅದಕ್ಕೇ. ಜೊತೆಗೆ ಯಾವ ಕಂಪನಿ ಯಂತ್ರಕ್ಕೆ ಯಾವ ಕೀಲಿ ಒತ್ತಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಹತ್ತಕ್ಕೆ ಯಾರದೋ ಲ್ಯಾಪ್‌ಟಾಪ್ ನಿಂತು, ಬೆಳಗ್ಗೆ ಪ್ರಾಜೆಕ್ಟ್ ಸಲ್ಲಿಸಬೇಕಾದ ಹುಡುಗಿಗೆ ತುಮಕೂರಿನ ಬಸ್ಸು ಹತ್ತುವ ಮೊದಲು ಹೋಗಲು ಒಂದು ಜಾಗ ಇರಲಿ. ಹಾಳೆ ನಾನು ಬರೆದು ಕೊಡುತ್ತೇನೆ, ಪೆನ್‌ಡ್ರೈವ್ ನೀವು ತನ್ನಿ.