ಹೆಸರು ಹಿಡಿದು ಕರೆಯುವ ಸ್ವಾಗತ



“ದೇವಾಲಯದ ಬಾಗಿಲು ಎಲ್ಲರಿಗೂ ತೆರೆದೇ ಇದೆಯಲ್ಲ ಫಾದರ್, ಸಲಿಂಗ ಪ್ರೇಮಿಗಳನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಬೇರೆಯಾಗಿ ಏಕೆ ಕರೆಯಬೇಕು?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಲೂಥರನ್ ಕ್ರೈಸ್ತರು ಇದಕ್ಕೆ ಕಂಡುಕೊಂಡ ಉತ್ತರವನ್ನು ನಾವು ಪೂರ್ತಿ ಒಪ್ಪದಿದ್ದರೂ ತಿಳಿದಿರುವುದು ಒಳ್ಳೆಯದು.

ಅಲ್ಲಿ 1980ರ ದಶಕದಿಂದ ಒಂದು ಪದ್ಧತಿ ನಡೆದುಬಂದಿದೆ. ಸ್ಥಳೀಯ ಸಭೆಯವರು ಒಟ್ಟಾಗಿ ಕುಳಿತು ಬೈಬಲ್ ಓದಿ, ಪ್ರಾರ್ಥಿಸಿ, ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಮಾತನಾಡಿ, ಕೊನೆಗೆ ಇಂಥವರಿಗೆ ಇಲ್ಲಿ ಸ್ವಾಗತವಿದೆ ಎಂದು ಸ್ಪಷ್ಟವಾಗಿ ಬರೆದ ಹೇಳಿಕೆಯನ್ನು ಮತಕ್ಕೆ ಹಾಕುತ್ತಾರೆ. ಹೆಸರಿಸುವುದೇಕೆ? ಬಾಲ್ಯದಿಂದ ಗೇಲಿ, ಬೈಗುಳ ಕೇಳಿ ಬೆಳೆದವನು ‘ಎಲ್ಲರಿಗೂ’ ಎಂಬ ಮಾತನ್ನು ‘ನನ್ನೊಬ್ಬನ ಹೊರತು’ ಎಂದೇ ಓದಿಕೊಳ್ಳುತ್ತಾನೆ. ಮರದ ಮೇಲಿದ್ದ ಜಕ್ಕಾಯನನ್ನು ಪ್ರಭು ಹೆಸರು ಹಿಡಿದೇ ಕರೆದರಲ್ಲವೇ?

ಅವರ ದಾರಿ ಸುಲಭವಾಗಿರಲಿಲ್ಲ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎರಡು ಸಭೆಗಳು, ಬ್ರಹ್ಮಚರ್ಯದ ಮಾತು ಕೊಡಲೊಪ್ಪದ ಮೂವರು ಸಲಿಂಗ ಪ್ರೇಮಿಗಳಿಗೆ ನಿಯಮ ಮೀರಿ ಪಾಲಕ ದೀಕ್ಷೆ ಕೊಟ್ಟವು. ವಿಚಾರಣೆ ನಡೆಯಿತು, ಆ ಸಭೆಗಳನ್ನು ಅಮಾನತಿನಲ್ಲಿಟ್ಟು, 1995ರ ಕೊನೆಗೆ ಹೊರಹಾಕಲಾಯಿತು. 2009ರ ಆಗಸ್ಟ್‌ನಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆಯ ಮಹಾಧಿವೇಶನ ಮಿನಿಯಾಪೊಲಿಸ್‌ನಲ್ಲಿ ಸೇರಿ, ಜೀವನಪರ್ಯಂತ ನಿಷ್ಠೆಯ ಸಲಿಂಗ ಸಂಬಂಧದಲ್ಲಿರುವವರೂ ಪಾಲಕರಾಗಬಹುದೆಂದು ತೀರ್ಮಾನಿಸಿತು. ಪರವಾಗಿ 559 ಮತ, ವಿರುದ್ಧ 451. ಒಪ್ಪದ ಸಭೆಗಳಿಗೆ ಬಲವಂತವಿಲ್ಲ, ಅವರ ಮನಸ್ಸಾಕ್ಷಿಗೂ ಗೌರವವಿದೆ ಎಂದೂ ಸೇರಿಸಿತು. 1521ರಲ್ಲಿ ವರ್ಮ್ಸ್ ನಗರದಲ್ಲಿ ಮನಸ್ಸಾಕ್ಷಿಯ ಹೆಸರಿನಲ್ಲೇ ಎದ್ದು ನಿಂತ ಲೂಥರರ ಮಕ್ಕಳಿಗೆ ಇದು ಸಹಜವೇ. ಆದರೂ ನೂರಾರು ಸಭೆಗಳು ಹೊರನಡೆದವು. ಮಿಸೌರಿ ಸಿನೋಡ್‌ನ ಲೂಥರನ್ನರಂತೂ ಇಂದಿಗೂ ಇದನ್ನು ಒಪ್ಪಿಲ್ಲ.

ನಮ್ಮ ಧರ್ಮಸಭೆ ವಿವಾಹ ಸಂಸ್ಕಾರವನ್ನು ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ಒಡಂಬಡಿಕೆಯೆಂದೇ ಬೋಧಿಸುತ್ತದೆ. ಅದನ್ನು ಮರೆಮಾಚಿ ಮಾತನಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಕಥೋಲಿಕ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದ, ಸಲಿಂಗ ಒಲವಿನವರನ್ನು ಗೌರವದಿಂದ, ಕನಿಕರದಿಂದ, ಮನಸ್ಸು ನೋಯದಂತೆ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವ ಕೂಡದು ಎನ್ನುತ್ತದೆ. ಮೊದಲನೆಯದನ್ನು ಬಾಯಿಪಾಠ ಮಾಡಿದ ಅನೇಕರು ಎರಡನೆಯದನ್ನು ಓದಿಯೇ ಇಲ್ಲ! ಲಿಂಗ ಬದಲಾಯಿಸಿಕೊಂಡವರೂ, ವಿಶ್ವಾಸಿಗಳಲ್ಲಿ ಗೊಂದಲಕ್ಕೆ ಎಡೆಯಾಗದಿದ್ದರೆ, ಇತರರಂತೆಯೇ ದೀಕ್ಷಾಸ್ನಾನ ಪಡೆಯಬಹುದೆಂದು 2023ರಲ್ಲಿ ವ್ಯಾಟಿಕನ್ ತಿಳಿಸಿತು. ಪೋಪ್ ಫ್ರಾನ್ಸಿಸರು ಅದಕ್ಕೆ ಒಪ್ಪಿಗೆಯಿತ್ತಿದ್ದರು.

ಲೂಥರನ್ನರ ಮಾತುಕತೆ ಸಭೆಯಲ್ಲಿ ಆರಂಭವಾಯಿತು. ನಮ್ಮಲ್ಲಿ ಅದು ಮನೆಯಲ್ಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಮಗನ ವಿಷಯ ತಿಳಿದ ಕೂಡಲೇ ‘ಒಂದು ಮದುವೆ ಮಾಡಿಬಿಟ್ಟರೆ ಸರಿಹೋಗುತ್ತಾನೆ’ ಎನ್ನುವ ತಂದೆತಾಯಂದಿರೇ, ಸ್ವಲ್ಪ ನಿಲ್ಲಿ. ಬಲವಂತದಿಂದ ಅಥವಾ ತೀವ್ರ ಭಯದಿಂದ ಆದ ಮದುವೆ ಅಸಿಂಧುವೆಂದು ಧರ್ಮಸಭೆಯ ಕಾನೂನಿನ 1103ನೇ ವಿಧಿ ಹೇಳುತ್ತದೆ. ದಾಂಪತ್ಯವನ್ನೇ ಕದಡಬಲ್ಲ ವಿಷಯವನ್ನು ಮೋಸದಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದರೂ ಅಷ್ಟೇ, 1098ನೇ ವಿಧಿ ನೋಡಿ. ಏನೂ ಅರಿಯದೆ ಆ ಮನೆಗೆ ಸೊಸೆಯಾಗಿ ಬರುವ ಹುಡುಗಿಯೂ ಯಾರೋ ತಾಯಿಯ ಮಗಳು. ಮದುವೆ ಪ್ರಕಟಣೆಗೆ ಹೆಸರು ಕೊಡುವ ಮೊದಲೇ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಬಂದು ಮಾತನಾಡಿ. ಮಗನನ್ನೂ ಕರೆತನ್ನಿ, ಒಬ್ಬನೇ ಬರುತ್ತೇನೆ ಎಂದರೆ ಹಾಗೆಯೇ ಬರಲಿ.