‘ಇತರ ಅಂಶಗಳು ಸ್ಥಿರವಾಗಿದ್ದಾಗ’: ಒಂದು ಪ್ರಾಜೆಕ್ಟ್ ಕಲಿಸಿದ ಪಾಠ



ಬೇಡಿಕೆಯ ನಿಯಮ ಬರೆಯುವಾಗ ನಾವೆಲ್ಲರೂ ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂದು ತಪ್ಪದೆ ಸೇರಿಸುತ್ತೇವೆ. ಬಿಟ್ಟರೆ ಅಂಕ ಹೋಗುತ್ತದೆ ಎಂಬ ಭಯ. ಆ ಮೂರು ಪದಗಳ ಅರ್ಥ ನನಗೆ ಸರಿಯಾಗಿ ತಿಳಿದದ್ದು ಮಾತ್ರ ಅಬ್ಬಾ ಅವರ ಅಂಗಡಿಯಲ್ಲಿ.

ನಮ್ಮದು ಮಕ್ಕಳ ಸಿದ್ಧ ಉಡುಪಿನ ಚಿಕ್ಕ ಅಂಗಡಿ. ‘ಕ್ಯೂಆರ್ ಕೋಡ್ ಇಟ್ಟರೆ ಸಣ್ಣ ಅಂಗಡಿಯ ವ್ಯಾಪಾರ ಹೆಚ್ಚುತ್ತದೆಯೇ?’ ಎಂಬುದು ನನ್ನ ಅರ್ಥಶಾಸ್ತ್ರ ಪ್ರಾಜೆಕ್ಟಿನ ವಿಷಯ. ಕೋಡ್ ಇಡುವ ಮುಂಚಿನ ತಿಂಗಳು ದಿನದ ಸರಾಸರಿ ವ್ಯಾಪಾರ ₹4,000 ಇತ್ತು, ಇಟ್ಟ ನಂತರದ ತಿಂಗಳು ₹7,000 ಆಯಿತು. (ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.) ‘ಕ್ಯೂಆರ್ ಕೋಡ್‌ನಿಂದ ವ್ಯಾಪಾರ ಶೇ. 75ರಷ್ಟು ಹೆಚ್ಚಿದೆ’ ಎಂದು ಬರೆದುಬಿಟ್ಟೆ. ಅಷ್ಟಕ್ಕೇ ಬಿಡದೆ, “ಅಬ್ಬಾ, ಇನ್ನೊಬ್ಬ ಹುಡುಗನನ್ನು ಖಾಯಂ ಕೆಲಸಕ್ಕೆ ಸೇರಿಸಿಕೊಳ್ಳಿ” ಎಂದು ಸಲಹೆಯನ್ನೂ ಕೊಟ್ಟೆ.

ಅಬ್ಬಾ ಪುಸ್ತಕ ನೋಡಿ ನಕ್ಕರು. “ಬೇಟಾ, ನೀನು ಕೋಡ್ ಇಟ್ಟ ತಿಂಗಳು ರಂಜಾನ್. ರಂಜಾನ್‌ನಲ್ಲಿ ಯಾವ ವರ್ಷ ವ್ಯಾಪಾರ ಆಗಿಲ್ಲ ಹೇಳು? ನಿನ್ನ ಮಾತು ಕೇಳಿ ಯಾರದೋ ಮನೆಯ ಹುಡುಗನನ್ನು ಕರೆದು, ಈದ್ ಆದ ಮೇಲೆ ನಾಳೆಯಿಂದ ಬರಬೇಡ ಅನ್ನಲೇ?”

ನನಗೆ ನಾಚಿಕೆಯಾಯಿತು. ‘ಇತರ ಅಂಶಗಳು’ ಸ್ಥಿರವಾಗಿರಲಿಲ್ಲ. ಹಬ್ಬ ಬಂದಿತ್ತು.

ಬಿ.ಎ. ಅಂತಿಮ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿರುವ ನನ್ನ ಆಪಾಗೆ ಇದನ್ನು ಹೇಳಿದೆ. ಅಮೆರಿಕದ ಹಲವು ಕಾಲೇಜುಗಳಲ್ಲಿ ಪದವಿಯ ಕೊನೆಗೆ ‘ಕ್ಯಾಪ್‌ಸ್ಟೋನ್’ ಎಂಬ ಕೋರ್ಸ್ ಇರುತ್ತದೆ ಎಂದು ಅವರು ವಿವರಿಸಿದರು. ಕಟ್ಟಡದ ತುದಿಗೆ ಕೊನೆಯಲ್ಲಿ ಇಡುವ ಕಲ್ಲು ಎಂದು ಆ ಪದದ ಅರ್ಥ. ಅಲ್ಲಿ ವಿದ್ಯಾರ್ಥಿಯೇ ಒಂದು ಪ್ರಶ್ನೆ ಆರಿಸಬೇಕು, ಅದರ ಬಗ್ಗೆ ಹಿಂದಿನವರು ಬರೆದದ್ದನ್ನು ಓದಬೇಕು, ಅಂಕಿಅಂಶ ಸಂಗ್ರಹಿಸಿ ಪ್ರಬಂಧ ಬರೆದು, ತರಗತಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ಆಗ ಎಲ್ಲರೂ ಕೇಳುವ ಪ್ರಶ್ನೆ ಅಬ್ಬಾ ಕೇಳಿದ್ದೇ: ಬದಲಾವಣೆಗೆ ಬೇರೆ ಕಾರಣ ಇರಬಹುದಲ್ಲವೇ?

ಇದಕ್ಕೆ ಉತ್ತರ ಹುಡುಕುವ ಒಂದು ದಾರಿಯನ್ನು ತೋರಿಸಲು ಆಪಾ ಒಂದು ಪ್ರಸಿದ್ಧ ಅಧ್ಯಯನವನ್ನು ಹೇಳಿಕೊಟ್ಟರು.

1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯವು ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅದು 4.25 ಡಾಲರ್ ಆಗಿಯೇ ಉಳಿಯಿತು. ಕೂಲಿ ಏರಿದರೆ ಮಾಲೀಕರು ಕೆಲಸಗಾರರನ್ನು ಕಡಿಮೆ ಮಾಡುತ್ತಾರೆ ಎಂಬುದು ಪಠ್ಯಪುಸ್ತಕದ ಮಾತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಲು ನ್ಯೂಜೆರ್ಸಿ ಮತ್ತು ಪೂರ್ವ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಕೂಲಿ ಏರುವ ಮೊದಲು ಒಮ್ಮೆ, ಏರಿದ ನಂತರ ಇನ್ನೊಮ್ಮೆ ಸಮೀಕ್ಷೆ ಮಾಡಿದರು. ಅರೆಕಾಲಿಕ ಕೆಲಸಗಾರನನ್ನು ಅರ್ಧ ಎಂದು ಲೆಕ್ಕ ಹಿಡಿದರು.

ಪ್ರತಿ ಅಂಗಡಿಯ ಸರಾಸರಿ ಕೆಲಸಗಾರರು ಹೀಗಿದ್ದರು:

ನ್ಯೂಜೆರ್ಸಿ: ಮೊದಲು 20.44, ನಂತರ 21.03. ಬದಲಾವಣೆ +0.59.
ಪೆನ್ಸಿಲ್ವೇನಿಯಾ: ಮೊದಲು 23.33, ನಂತರ 21.17. ಬದಲಾವಣೆ –2.16.

ಎರಡು ಬದಲಾವಣೆಗಳ ನಡುವಿನ ವ್ಯತ್ಯಾಸ ಸುಮಾರು 2.75. ಕೂಲಿ ಏರದ ಪಕ್ಕದ ರಾಜ್ಯದಲ್ಲಿ ಕೆಲಸ ಕಡಿಮೆಯಾಗಿತ್ತು, ಏರಿದ ನ್ಯೂಜೆರ್ಸಿಯಲ್ಲಿ ಕಡಿಮೆಯಾಗಿರಲಿಲ್ಲ. ಈ ವಿಧಾನವನ್ನು ‘ವ್ಯತ್ಯಾಸಗಳ ವ್ಯತ್ಯಾಸ’ ಎನ್ನಬಹುದು. ನೆರೆಯ ರಾಜ್ಯವೇ ಇಲ್ಲಿ ‘ಇತರ ಅಂಶಗಳ’ ಅಳತೆಗೋಲು.

1994ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಎಲ್ಲರೂ ಒಪ್ಪಲಿಲ್ಲ. ನ್ಯೂಮಾರ್ಕ್ ಮತ್ತು ವಾಷರ್ ಎಂಬವರು ಅಂಗಡಿಗಳ ಸಂಬಳದ ದಾಖಲೆಗಳನ್ನು ಬಳಸಿ, ಕೆಲಸ ಕಡಿಮೆಯಾಗಿದೆ ಎಂದು ವಾದಿಸಿದರು. ಕಾರ್ಡ್ ಮತ್ತು ಕ್ರೂಗರ್ ಹೊಸ ದಾಖಲೆಗಳೊಂದಿಗೆ 2000ದಲ್ಲಿ ಉತ್ತರ ಕೊಟ್ಟರು. ಕ್ರೂಗರ್ 2019ರಲ್ಲಿ ತೀರಿಕೊಂಡರು. 2021ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಪಾಲು ಕಾರ್ಡ್ ಅವರಿಗೆ ಬಂದಿತು.

ಇಷ್ಟು ತಿಳಿದ ಮೇಲೆ ನಾನು ಮತ್ತೆ ಪುಸ್ತಕ ತೆರೆದೆ. ನಮಗೆ ‘ಪಕ್ಕದ ರಾಜ್ಯ’ ಯಾವುದು? ಎದುರಿನ ಚಾಚಾ ಅವರ ಅಂಗಡಿ! ಅವರೂ ಮಕ್ಕಳ ಬಟ್ಟೆಯನ್ನೇ ಮಾರುತ್ತಾರೆ, ನಗದು ಮಾತ್ರ ತೆಗೆದುಕೊಳ್ಳುತ್ತಾರೆ. ಅದೇ ಎರಡು ತಿಂಗಳಲ್ಲಿ ಅವರ ವ್ಯಾಪಾರ ₹3,000ದಿಂದ ₹5,500ಕ್ಕೆ ಏರಿತ್ತು. ನಮ್ಮಲ್ಲಿ ಏರಿದ್ದು ₹3,000, ಅವರಲ್ಲಿ ₹2,500. ವ್ಯತ್ಯಾಸ ಕೇವಲ ₹500. ಕ್ಯೂಆರ್ ಕೋಡ್‌ನಿಂದ ಏನಾದರೂ ಲಾಭವಾಗಿದ್ದರೆ ಅದು ಸುಮಾರು ಇಷ್ಟೇ. ಎರಡೇ ಅಂಗಡಿಗಳಿಂದ ಅದನ್ನೂ ಖಚಿತವಾಗಿ ಹೇಳಲಾಗದು. ಹಬ್ಬಕ್ಕೆ ನಾವು ಹೆಚ್ಚು ಹೊಸ ಮಾಲು ತರಿಸಿದ್ದೂ ಕಾರಣವಿರಬಹುದು.

ಪ್ರಾಜೆಕ್ಟಿನ ಕೊನೆಯ ಪುಟವನ್ನು ಹರಿದು ಹೊಸದಾಗಿ ಬರೆದೆ. ಶೇ. 75 ಎಂಬ ದೊಡ್ಡ ಅಂಕಿ ಹೋಯಿತು, ₹500 ಮತ್ತು ಮೂರು ಸಾಲಿನ ಅನುಮಾನಗಳು ಬಂದವು. ವೈವಾದಲ್ಲಿ ಉಪನ್ಯಾಸಕರು ಹೆಚ್ಚು ಹೊತ್ತು ಕೇಳಿದ್ದು ಆ ಅನುಮಾನಗಳ ಬಗ್ಗೆಯೇ.

ನೀವೂ ಪ್ರಾಜೆಕ್ಟ್ ಬರೆಯುವಾಗ ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಅಂಕಿಗಳು ಸಿಕ್ಕಿದ ಕೂಡಲೇ ತೀರ್ಮಾನ ಬರೆಯಬೇಡಿ. ಬದಲಾವಣೆ ಆಗದ ಇನ್ನೊಂದು ಅಂಗಡಿ, ಊರು ಅಥವಾ ತರಗತಿಯನ್ನು ಹುಡುಕಿ ಅಲ್ಲಿಯೂ ಅದೇ ಎರಡು ಅಂಕಿಗಳನ್ನು ಕೇಳಿ. ಆ ಕೆಲಸ ತಿಳಿದವರನ್ನೂ ಒಂದು ಮಾತು ಕೇಳಿ. ನಮ್ಮ ಅಬ್ಬಾ ಓದಿದ್ದು ಏಳನೇ ತರಗತಿಯವರೆಗೆ. ನನ್ನ ತಪ್ಪು ಹಿಡಿಯಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.