ಗೋದಾಮಿನ ಹೆಗ್ಗಣಕ್ಕೆ ಏರ್ ಗನ್: ಪೆಲೆಟ್ ಯಾವುದು?

ನಾನು ಇಲಿ ಪಾಷಾಣ ಇಡಲ್ಲ. ವಿಷ ತಿಂದ ಇಲಿಯನ್ನು ತಿಂದ ಗೂಬೆ, ಬೆಕ್ಕೂ ಸಾಯಬಹುದು. ಗೋದಾಮಿಗೆ ಏರ್ ಗನ್ ಸಾಕು. ಬೋರ್ 4.5 ಮಿ.ಮೀ., ಶಕ್ತಿ 20 ಜೌಲ್ ಮೀರದಿದ್ದರೆ 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಬಿಲ್ಲಲ್ಲಿ ಎರಡನ್ನೂ ಬರೆಸಿಕೊಳ್ಳಿ.

ಚೂಪು ಮೂತಿಯ ಪೆಲೆಟ್ ನೋಡೋಕೆ ಜೋರು, ಅಷ್ಟೆ. ಇಲಿಯನ್ನು ತೂರಿ ಆಚೆ ಹೋಗಬಹುದು. ಹತ್ತಿರದಿಂದ ಹೊಡೆಯೋಕೆ ಚಪ್ಪಟೆ ಮೂತಿ, ಸ್ವಲ್ಪ ದೂರಕ್ಕೆ ದುಂಡು ಮೂತಿ. ಎರಡನ್ನೂ ನಿಮ್ಮ ಗನ್ನಲ್ಲೇ ಪರೀಕ್ಷಿಸಿ: 10 ಮೀಟರ್‌ನಿಂದ ಐದಕ್ಕೆ ಐದೂ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದರೆ ಅದನ್ನೇ ಕೊಳ್ಳಿ. ಅಲ್ಲಿವರೆಗೆ ಇಲಿಗೆ ಹೊಡೀಬೇಡಿ, ಗಾಯಗೊಂಡು ಬಿಲದಲ್ಲಿ ನರಳುತ್ತೆ. ತಲೆಗೇ ಗುರಿಯಿಡಿ. ಹಿಂದೆ ಮರಳಿನ ಚೀಲವಿರಲಿ. ಕಲ್ಲು, ತಗಡಿಗೆ ಬಡಿದರೆ ಪೆಲೆಟ್ ವಾಪಸ್ ಸಿಡಿಯುತ್ತೆ. ಸತ್ತ ಇಲಿಯನ್ನು ಹೂಳಿ, ಸೀಸ ನಾಯಿಯ ಹೊಟ್ಟೆ ಸೇರಬಾರದು.